ಎಣ್ಣೆಯ ಸದ್ದು ಫೋನಿಗೆ ಕೇಳಿಸದು

ಮಗಾ,

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಿನ್ನ ಮಮ್ಮಿ ಚರ್ಚಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಎರಡು ಸುದ್ದಿ ಹೇಳಿದಳು. ಈ ಸಲ ಕ್ರಿಸ್ಮಸ್ಸಿಗೆ ನೀನು ಊರಿಗೆ ಬರುತ್ತಿಲ್ಲ ಎನ್ನುವುದು ಒಂದು. ಟೊರೊಂಟೊದಲ್ಲಿ ನೀನು, ದುಬೈಯಲ್ಲಿ ಒಬ್ಬಳು, ಬೆಂಗಳೂರಿನಲ್ಲಿ ಒಬ್ಬಳು, ಕಾಲೇಜಿನ ಮೂವರು ಗೆಳತಿಯರೂ ವಿಡಿಯೊ ಕಾಲ್ ಹಾಕಿಕೊಂಡು ಒಟ್ಟಿಗೆ ಕುಸ್ವಾರ್, ನಮ್ಮ ಕ್ರಿಸ್ಮಸ್ ತಿಂಡಿಗಳನ್ನು, ಮಾಡುತ್ತೀರಂತೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬೇಜಾರಾಯಿತು. ಎರಡನೆಯದನ್ನು ಕೇಳಿ, ಮನೆಗೆ ಬಂದವಳೇ ಅಟ್ಟದ ಮೇಲಿನ ಡಬ್ಬ ಇಳಿಸಿದೆ. ನೀನು ಕೇಳಿದ ಕೊಕ್ಕಿಸಾಂ ಅಚ್ಚು, ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಹೂವು ಕಾಯಿಸುವ ಆ ಅಚ್ಚು, ಅದರಲ್ಲೇ ಇದೆ. ಕೊಡುತ್ತೇನೆ. ಅಚ್ಚಿನ ಜೊತೆಗೆ ಈ ಕೆಲವು ಮಾತನ್ನೂ ಇಟ್ಟುಕೊ.

2020ರ ಡಿಸೆಂಬರಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಕೊರೊನಾದ ವರ್ಷ. ಮುಂಬೈಯಲ್ಲಿದ್ದ ನನ್ನ ತಂಗಿ ಪ್ರತಿ ವರ್ಷ ಡಿಸೆಂಬರ್ ಮಧ್ಯಕ್ಕೆ ಬಂದುಬಿಡುತ್ತಿದ್ದವಳು, ಆ ವರ್ಷ ಬರಲಿಲ್ಲ. ಅವಳ ಮಗ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ. ಅಲ್ಲಿ ಅವಳ ಬಾಣಲೆ, ಇಲ್ಲಿ ನನ್ನ ಬಾಣಲೆ. ಇಬ್ಬರೂ ಒಂದೇ ತಾಯಿಯ ಕೈಕೆಳಗೆ ಕಲಿತವರು, ಇಬ್ಬರ ಅಚ್ಚೂ ಒಂದೇ ಅಂಗಡಿಯದು. ನನ್ನ ಕೊಕ್ಕಿಸಾಂ ಒಂದೊಂದೇ ಹೂವಾಗಿ ಬಿಟ್ಟುಕೊಂಡು ಬಂತು. ಅವಳದ್ದು ಅಚ್ಚು ಬಿಡಲಿಲ್ಲ. ಕಡ್ಡಿಯಲ್ಲಿ ಕೆರೆದರೆ ಪುಡಿ ಪುಡಿ.

"ಹಿಟ್ಟು ಹೇಗಿದೆ?"

"ಸರಿ ಇದೆ."

"ಎಣ್ಣೆ ಕಾದಿದೆಯಾ?"

"ಕಾದಿದೆ ಅಕ್ಕಾ. ನೀನು ಮಾಡಿದ ಹಾಗೆಯೇ ಮಾಡ್ತಾ ಇದ್ದೇನೆ."

ಅರ್ಧ ಗಂಟೆ ಇದೇ ಮಾತು. ಅವಳಿಗೆ ಅಳು ಬರುವ ಹಾಗಿತ್ತು, ನನಗೂ. ಕೊನೆಗೆ ಅವಳ ಮಗನೇ ಕಂಡುಹಿಡಿದ. ಅವಳು ಪ್ರತಿ ಸಲ ಅಚ್ಚನ್ನು ಎಣ್ಣೆಯಿಂದ ತೆಗೆದು ತಟ್ಟೆಯ ಮೇಲೆ ಇಟ್ಟು, ಫೋನಿನ ಕಡೆ ತಿರುಗಿ ನನ್ನೊಡನೆ ಎರಡು ಮಾತಾಡಿ, ಆಮೇಲೆ ಹಿಟ್ಟಿಗೆ ಅದ್ದುತ್ತಿದ್ದಳು. ಅಷ್ಟರಲ್ಲಿ ಅಚ್ಚು ತಣಿಯುತ್ತಿತ್ತು. ಊರಿನಲ್ಲಿ ನಾವು ಒಟ್ಟಿಗೆ ಮಾಡುವಾಗ ಅವಳು ಎಂದೂ ಹೀಗೆ ಮಾಡಿದವಳಲ್ಲ. ಅಲ್ಲಿ ಮಾತಾಡಲು ತಿರುಗಬೇಕಾಗಿರಲಿಲ್ಲ, ನಾನು ಪಕ್ಕದಲ್ಲೇ ಇರುತ್ತಿದ್ದೆ. "ಅಚ್ಚು ಎಣ್ಣೆಯಲ್ಲೇ ಇರಬೇಕು" ಎಂದು ಅಮ್ಮ ನಮಗೆ ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ. ಅವರ ಅಚ್ಚು ಎಣ್ಣೆಯಿಂದ ಹೊರಗೆ ಕೂತದ್ದನ್ನೇ ನಾವು ಕಂಡಿರಲಿಲ್ಲ.

ಅದೇ ದಿನ ನನಗೆ ಒಂದು ವಿಷಯ ಹೊಳೆಯಿತು. ಒಲೆಯ ಸುತ್ತ ಕೂತು ಕಲಿತವರಿಗೆ ಮಾತು ಬೇಕಾಗಲಿಲ್ಲ. ಪರಿಮಳ ಬಂತು, ಸದ್ದು ಕೇಳಿತು, ಪಕ್ಕದವಳ ಕೈ ಎಷ್ಟು ಒತ್ತುತ್ತದೆ ಎಂದು ಕಣ್ಣಿನ ಅಂಚಿನಲ್ಲಿ ಕಂಡಿತು. ನಡುವೆ ಸಮುದ್ರ ಬಂದಾಗ ಅದೆಲ್ಲವನ್ನೂ ಬಾಯಿಂದ ಹೇಳಬೇಕು. "ಸರಿ ಇದೆ" ಎನ್ನುವುದು ಅಡುಗೆಮನೆಯಲ್ಲಿ ಮಾತೇ ಅಲ್ಲ. ನೀವು ಮೂವರೂ ಮೊದಲು ಆ ಎರಡು ಶಬ್ದಗಳನ್ನು ಬಿಟ್ಟುಬಿಡಿ. ಹಿಟ್ಟು ಹೇಗಿದೆ ಎಂದು ಒಬ್ಬಳು ಕೇಳಿದರೆ, ಸೌಟಿನ ಬೆನ್ನಿಗೆ ಹಿಟ್ಟು ಅಂಟಿಸಿಕೊಂಡು, ಬೆರಳಿನಿಂದ ಒಂದು ಗೆರೆ ಎಳೆದು, "ಗೆರೆ ನಿಂತಿದೆ" ಅಥವಾ "ಗೆರೆ ಕೂಡಿಕೊಂಡಿತು" ಎಂದು ಹೇಳಿ. ಗೆರೆ ನಿಲ್ಲಬೇಕು. ಆದರೆ ಸೌಟು ಎತ್ತಿದಾಗ ಹಿಟ್ಟು ಧಾರೆಯಾಗಿ ಇಳಿಯಲೂಬೇಕು. ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು.

ಸದ್ದಿನ ವಿಷಯ ಇನ್ನೂ ಮುಖ್ಯ. ಹಿಟ್ಟು ಎಣ್ಣೆಗೆ ಇಳಿದ ಕೂಡಲೇ ಜೋರಾಗಿ ಸುಂಯ್ ಎನ್ನುತ್ತದೆ. ಅದು ಹಿಟ್ಟಿನೊಳಗಿನ ನೀರು ಹಬೆಯಾಗಿ ಹೊರಗೆ ಓಡುವ ಸದ್ದು. ನೀರು ಮುಗಿಯುತ್ತ ಬಂದಂತೆ ಸದ್ದು ಇಳಿಯುತ್ತದೆ, ಗುಳ್ಳೆಗಳು ಚಿಕ್ಕದಾಗುತ್ತವೆ. ತೆಗೆಯಬೇಕಾದದ್ದು ಆಗ. ಬಣ್ಣ ನೋಡಿ ತೆಗೆಯುತ್ತೇನೆ ಎಂದು ಕಾದರೆ ತಡವಾಗುತ್ತದೆ, ಹೊರಗೆ ಬಂದ ಮೇಲೂ ಹೂವು ಸ್ವಲ್ಪ ಕೆಂಪೇರುತ್ತದೆ. ಆದರೆ ಈ ಸದ್ದು ಫೋನಿನಲ್ಲಿ ಆಚೆಗೆ ಹೋಗುವುದಿಲ್ಲ ಮಗಾ. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ಅಡಗಿಸುವ ಏರ್ಪಾಡು ಆ ಕಾಲ್ ಆ್ಯಪ್‌ಗಳಲ್ಲೇ ಇರುತ್ತದಂತೆ. ಫ್ಯಾನಿನ ಸದ್ದಿನ ಜೊತೆಗೆ ಎಣ್ಣೆಯ ಸದ್ದೂ ಹೋಗುತ್ತದೆ. ಆದ್ದರಿಂದ ಒಲೆಯ ಮುಂದೆ ಇರುವವಳು "ಜೋರಿದೆ, ಜೋರಿದೆ, ಇಳಿಯಿತು, ತೆಗೆದೆ" ಎಂದು ಹೇಳುತ್ತ ಇರಲಿ. ಮೂರು ಸಲ ಹೇಳಿದರೆ ಉಳಿದ ಇಬ್ಬರಿಗೂ ಲೆಕ್ಕ ಸಿಗುತ್ತದೆ. ಇನ್ನೊಂದು, ನೀನು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಾಯಿಸಲು ನಿಲ್ಲಬೇಡ. ಗೆಳತಿಯರ ಮಾತು ಕೇಳುತ್ತದೆ, ನಿನ್ನ ಎಣ್ಣೆಯದು ಕೇಳುವುದಿಲ್ಲ. ಒಂದು ಕಿವಿ ಒಲೆಗೆ ಇರಲಿ.

ಬಣ್ಣವನ್ನೂ ಫೋನು ಸರಿಯಾಗಿ ತೋರಿಸುವುದಿಲ್ಲ. ಒಬ್ಬಳ ಮನೆಯ ಹಳದಿ ಬಲ್ಬಿನಲ್ಲಿ ಹಸಿ ಹಿಟ್ಟೂ ಹೊನ್ನಿನ ಹಾಗೆ ಕಾಣುತ್ತದೆ, ಇನ್ನೊಬ್ಬಳ ಟ್ಯೂಬ್‌ಲೈಟಿನಲ್ಲಿ ಹದವಾದದ್ದೂ ಬಿಳಿಚಿಕೊಂಡಿರುತ್ತದೆ. ಇದಕ್ಕೆ ನಾನು ಮತ್ತು ತಂಗಿ ಮರುವರ್ಷ ಒಂದು ಉಪಾಯ ಮಾಡಿದೆವು. ಇಬ್ಬರೂ ಬಾಣಲೆಯ ಪಕ್ಕದ ತಟ್ಟೆಯಲ್ಲಿ ಒಂದು ಮಾರಿ ಬಿಸ್ಕತ್ತು ಇಟ್ಟುಕೊಂಡೆವು. "ಮಾರಿಗಿಂತ ಒಂದು ಕೂದಲು ಹೆಚ್ಚು" ಎಂದರೆ ಇಬ್ಬರಿಗೂ ಒಂದೇ ಅರ್ಥ. ಮಾರಿ ಟೊರೊಂಟೊದ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ.

ಈಗ ಅಳತೆ. ನಿನ್ನ ಅಜ್ಜಿಯ ಚೀಟಿಯಲ್ಲಿ "ಎರಡು ಕುಡ್ತೆ ಮೈದಾ" ಎಂದಿರುತ್ತದೆ. ಆ ಕುಡ್ತೆ ಯಾವ ಮನೆಯದು? ನಮ್ಮ ಊರಿನಲ್ಲೇ ಮನೆಗೊಂದು ಕುಡ್ತೆ. ನಿನಗೆ ಅಲ್ಲಿ ಸಿಗುವ ಕಪ್ಪು 250 ಮಿಲಿಲೀಟರ್, ಅಮೆರಿಕದ ಪುಸ್ತಕದ ಕಪ್ಪು ಅದಕ್ಕಿಂತ ಚಿಕ್ಕದು, ಬೆಂಗಳೂರಿನವಳು ಅಮ್ಮನ ಸ್ಟೀಲ್ ಲೋಟದಲ್ಲಿ ಅಳೆಯುತ್ತಾಳೆ. ಮೂವರೂ ಒಂದು ಚಿಕ್ಕ ತಕ್ಕಡಿ ತೆಗೆದುಕೊಂಡು ಗ್ರಾಮಿನಲ್ಲಿ ಮಾತಾಡಿ. ನನ್ನ ಲೆಕ್ಕ ಇದು: ಮೈದಾ 200 ಗ್ರಾಂ, ನುಣ್ಣಗಿನ ಅಕ್ಕಿಹಿಟ್ಟು 50 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಒಂದು ಮೊಟ್ಟೆ, ತೆಂಗಿನ ಹಾಲು ಸುಮಾರು 350 ಮಿಲಿಲೀಟರ್, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಕಪ್ಪು ಎಳ್ಳು. ಹಾಲನ್ನು ಒಮ್ಮೆಲೇ ಸುರಿಯಬೇಡ, ಗೆರೆಯ ಪರೀಕ್ಷೆ ಮಾಡುತ್ತ ಹಾಕು. ಕಲಸಿ ಅರ್ಧ ಗಂಟೆ ಬಿಡು. ಸಕ್ಕರೆ ಇದಕ್ಕಿಂತ ಹೆಚ್ಚಾದರೆ ಹೂವು ಬೇಯುವ ಮೊದಲೇ ಕಪ್ಪಾಗುತ್ತದೆ, ಅಚ್ಚಿಗೂ ಕಚ್ಚುತ್ತದೆ. ಅಕ್ಕಿಹಿಟ್ಟು ತಳಕ್ಕೆ ಇಳಿಯುವ ಜಾತಿ, ಆದ್ದರಿಂದ ನಾಲ್ಕೈದು ಹೂವಿಗೊಮ್ಮೆ ಸೌಟು ಆಡಿಸು.

ತಕ್ಕಡಿ ಒಂದೇ ಆದರೂ ಸಾಮಾನು ಒಂದೇ ಆಗುವುದಿಲ್ಲ, ಅದನ್ನೂ ತಿಳಿದಿರು. ಕೆನಡಾದ ಆಲ್ ಪರ್ಪಸ್ ಹಿಟ್ಟು ನಮ್ಮ ಮೈದಾಕ್ಕಿಂತ ಹೆಚ್ಚು ಅಂಟಿನದು, ನೀರೂ ಹೆಚ್ಚು ಕುಡಿಯುತ್ತದೆ. ಕೇಕ್ ಆ್ಯಂಡ್ ಪೇಸ್ಟ್ರಿ ಎಂದು ಬರೆದ ಹಿಟ್ಟು ಅಲ್ಲೇ ಸಿಗುತ್ತದೆ, ಅದನ್ನು ತಾ. ಡಬ್ಬದ ತೆಂಗಿನ ಹಾಲು ಬಹಳ ದಪ್ಪ. ಮೇಲೆ ಕೆನೆ ಕಟ್ಟಿ ಕೂತಿರುತ್ತದೆ, ಚೆನ್ನಾಗಿ ಕುಲುಕಿ, ನೀರು ಬೆರೆಸಿ, ನಮ್ಮ ಎರಡನೇ ಹಾಲಿನಷ್ಟು ತೆಳು ಮಾಡಿಕೊ. ಮೊಟ್ಟೆ ಅಲ್ಲಿ ಇಲ್ಲಿಗಿಂತ ದೊಡ್ಡದು, ಒಡೆದು ತೂಗಿ 50 ಗ್ರಾಂ ಹಾಕಿದರೆ ಸಾಕು.

ಬೆಂಗಳೂರಿನ ಗೆಳತಿಯ ಮನೆಯಲ್ಲಿ ಮೊಟ್ಟೆ ತರುವುದಿಲ್ಲವಂತೆ. ಅವಳಿಗಾಗಿ ನೀವಿಬ್ಬರೂ ಮೊಟ್ಟೆ ಬಿಡಬೇಕಾಗಿಲ್ಲ, ಅವಳು "ಪರವಾಗಿಲ್ಲ, ನಾನು ನೋಡ್ತೇನೆ" ಎಂದು ಸುಮ್ಮನೆ ಕೂರಲೂಬಾರದು. ಮೊಟ್ಟೆ ಇಲ್ಲದೆಯೂ ಇದು ಬರುತ್ತದೆ. ಮೊಟ್ಟೆಯ ಬದಲು ಅಷ್ಟೇ ತೂಕದ ತೆಂಗಿನ ಹಾಲು, ಒಂದು ಚಮಚ ಹೆಚ್ಚು ಮೈದಾ. ಹೂವು ಸ್ವಲ್ಪ ಗಟ್ಟಿ, ಗರಿಗರಿ ಅಷ್ಟೇ. ನಮ್ಮ ನೆರೆಯ ಶೆಣೈ ಅಮ್ಮನಿಗಾಗಿ ನನ್ನ ಅಮ್ಮ ಹಬ್ಬದ ಮೊದಲ ಬಾಣಲೆಯನ್ನು ಹೀಗೆ ಮೊಟ್ಟೆ ಇಲ್ಲದೆ, ಹೊಸ ಎಣ್ಣೆಯಲ್ಲಿ ತೆಗೆದು ಬೇರೆ ಡಬ್ಬದಲ್ಲಿ ಇಡುತ್ತಿದ್ದರು. ಅವರಿಗೆ ಹೋದ ತಟ್ಟೆ ಖಾಲಿ ಹಿಂದೆ ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು.

ಅಚ್ಚನ್ನು ಅದ್ದುವ ಬಗೆ ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ. ಅಚ್ಚು ಕಾದಿರಬೇಕು. ಮೇಲಿನ ಎಣ್ಣೆಯನ್ನು ಒಮ್ಮೆ ಝಾಡಿಸಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಇಳಿಸು. ಹಿಟ್ಟು ಅಚ್ಚಿನ ನೆತ್ತಿ ದಾಟಿತೋ, ಆ ಹೂವು ಅಚ್ಚಿಗೆ ಟೊಪ್ಪಿ ಹಾಕಿಕೊಂಡ ಹಾಗೆ, ಬಿಡುವುದೇ ಇಲ್ಲ. ಹಿಟ್ಟಿಗೆ ಇಳಿಸಿದಾಗ ಚುಸ್ ಎಂದು ಸಣ್ಣ ಸದ್ದು ಬಂದರೆ ಕಾವು ಸರಿ. ಹಿಟ್ಟು ಅಂಟದೆ ಜಾರಿ ಬಿದ್ದರೆ ಅಚ್ಚು ತೀರಾ ಕಾದಿದೆ ಅಥವಾ ತೀರಾ ತಣ್ಣಗಿದೆ. ಎಣ್ಣೆಯಲ್ಲಿ ಹೂವಿನ ಅಂಚು ಬಿಗಿಯಾದಾಗ ಅಚ್ಚನ್ನು ಮೆಲ್ಲಗೆ ಅಲುಗಿಸು, ತಾನಾಗಿ ಕಳಚುತ್ತದೆ. ಕಳಚದಿದ್ದರೆ ಕಡ್ಡಿಯ ತುದಿಯಿಂದ ಒಂದೇ ಒಂದು ಸಲ ತಳ್ಳು. ಮೊದಲ ಮೂರು ಯಾವಾಗಲೂ ಕೆಡುತ್ತವೆ, ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕವರಿದ್ದಾಗ ನಾವು ಆ ಮೂರಕ್ಕಾಗಿಯೇ ಒಲೆಯ ಹತ್ತಿರ ಕಾದು ಕೂರುತ್ತಿದ್ದೆವು.

ಮೂವರೂ ಒಂದೇ ಹೊತ್ತಿಗೆ ಎಣ್ಣೆ ಕಾಯಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಎಣ್ಣೆಯ ಮುಂದೆ ಇರುವವಳು ಪರದೆ ನೋಡಬಾರದು, ಫೋನಿನವರನ್ನು ನಗಿಸಲೂಬಾರದು. ನಮ್ಮ ಮನೆಯಲ್ಲಿ ಬಾಣಲೆಯ ಮುಂದೆ ಅಮ್ಮ ಎಲ್ಲರಿಗೂ ಬೆನ್ನು ಹಾಕಿ ಕೂರುತ್ತಿದ್ದರು. ಚಾವಡಿಯಲ್ಲಿ ಚಾಪೆ ಹಾಸಿಕೊಂಡು ಉಳಿದವರು ಕಿಡಿಯೊ ಉರುಳಿಸುವುದು. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳಗಳು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆಯ ಒಂದು ಹುಳ. ಊರಿನ ಮದುವೆ, ಜಗಳ, ಯಾರಿಗೆ ಹುಡುಗಿ ನೋಡುತ್ತಿದ್ದಾರೆ, ಎಲ್ಲ ಮಾತೂ ಕಿಡಿಯೊ ಜೊತೆಗೆ ಸುತ್ತಿಕೊಂಡು ಹೋಗುತ್ತಿತ್ತು. ನೀವೂ ಹಾಗೆ ಮಾಡಿ. ಒಬ್ಬಳು ಕಾಯಿಸುವಾಗ ಇಬ್ಬರು ಕಿಡಿಯೊ ಉರುಳಿಸುತ್ತ ಮಾತಾಡಲಿ, ಅವಳು ಕೇಳಿಸಿಕೊಳ್ಳಲಿ. ಅವಳ ಇಪ್ಪತ್ತು ಹೂವು ಮುಗಿದ ಮೇಲೆ ಒಲೆ ಆರಿಸಿ ಅವಳು ಚಾಪೆಗೆ, ಇನ್ನೊಬ್ಬಳು ಒಲೆಗೆ. ಫೋನು ಇಡುವುದು ಮುಖದ ಎದುರಲ್ಲ. ಶೆಲ್ಫಿನ ಮೇಲಿಂದ ಕೈಗಳು ಕಾಣುವ ಹಾಗೆ, ಒಲೆಯ ಹಬೆಗೆ ಸಿಗದಷ್ಟು ದೂರ. ನಿಮ್ಮ ಮುಖ ನಿಮಗೆ ಪರಸ್ಪರ ಬಾಯಿಪಾಠವಾಗಿದೆ, ಈಗ ನೋಡಬೇಕಾದದ್ದು ಬೆರಳು.

ನಿನ್ನ ಅಪಾರ್ಟ್‌ಮೆಂಟಿನಲ್ಲಿ ಹೊಗೆಯ ಅಲಾರಂ ಇರುತ್ತದೆ, ಗಾಜಿನ ಮೇಲ್ಮೈಯ ಕರೆಂಟು ಒಲೆ. ಅದು ಆರಿಸಿದ ಮೇಲೂ ಬಹಳ ಹೊತ್ತು ಕಾವು ಹಿಡಿದಿರುತ್ತದೆ, ಗ್ಯಾಸಿನ ಹಾಗೆ ತಕ್ಷಣ ತಗ್ಗುವುದಿಲ್ಲ. ಅಗಲದ ಬಾಣಲೆ ಬೇಡ, ದಪ್ಪ ತಳದ ಚಿಕ್ಕ ಆಳದ ಪಾತ್ರೆ, ಅರ್ಧಕ್ಕಿಂತ ಕಡಿಮೆ ಎಣ್ಣೆ. ಥರ್ಮಾಮೀಟರ್ ಇದ್ದರೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ. ಪಾತ್ರೆಗೆ ಹೊಂದುವ ಮುಚ್ಚಳ ಕೈಗೆಟುಕುವಲ್ಲಿ ಇರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚು, ನೀರು ಹಾಕಬಾರದು, ಪಾತ್ರೆ ಎತ್ತಿಕೊಂಡು ಓಡಬಾರದು. ಒಬ್ಬಳೇ ಇರುವ ಮನೆ, ಅದಕ್ಕೆ ಹೇಳಿದೆ.

ದುಬೈಯವಳಿಗೆ ಎಣ್ಣೆಯ ಹೆದರಿಕೆ ಎಂದು ಕೇಳಿದೆ. ಅವಳು ನಾನ್‌ಕಟಾಯಿ ಮಾಡಲಿ, ಓವನಿನ ಕೆಲಸ. ಮೈದಾ 250 ಗ್ರಾಂ, ತುಪ್ಪ 150, ಪುಡಿ ಸಕ್ಕರೆ 125, ಏಲಕ್ಕಿ, ಚಿಟಿಕೆ ಅಡುಗೆ ಸೋಡ. ಹಿಟ್ಟು ಕೂಡದಿದ್ದರೆ ಇನ್ನೊಂದು ಚಮಚ ತುಪ್ಪ. ಇದರಲ್ಲಿ ಇರುವ ಸೂಕ್ಷ್ಮವೆಲ್ಲ ತುಪ್ಪದ್ದು. ತುಪ್ಪ ಬೆಣ್ಣೆಯ ಹಾಗೆ ಮೆತ್ತಗಿರಬೇಕು. ಮಂಗಳೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ ತುಪ್ಪ ಕರಗಿ ಎಣ್ಣೆಯಾಗಿರುತ್ತದೆ, ನಾನು ಹತ್ತು ನಿಮಿಷ ಫ್ರಿಜ್ಜಿನಲ್ಲಿ ಇಡುತ್ತೇನೆ. ನಿನ್ನ ಅಡುಗೆಮನೆಯಲ್ಲಿ ಅದೇ ತುಪ್ಪ ಹರಳುಗಟ್ಟಿ ಕಲ್ಲಾಗಿರುತ್ತದೆ. ಕರಗಿದ ತುಪ್ಪದಲ್ಲಿ ಕಲಸಿದರೆ ನಾನ್‌ಕಟಾಯಿ ಓವನಿನಲ್ಲಿ ಹರಡಿ ಚಪ್ಪಟೆಯಾಗುತ್ತದೆ. ಗಟ್ಟಿ ತುಪ್ಪವಾದರೆ ಹಿಟ್ಟು ಉದುರುತ್ತದೆ. "ತುಪ್ಪದೊಳಗೆ ಬೆರಳು ಒತ್ತಿದರೆ ಗುಂಡಿ ನಿಲ್ಲುತ್ತದೆ, ಬೆರಳಿಗೆ ನೋವಿಲ್ಲ," ಹೀಗೆ ಹೇಳಿಕೊಳ್ಳಿ. 160 ಡಿಗ್ರಿ ಸೆಲ್ಸಿಯಸ್, ನಿನ್ನ ಓವನಿನಲ್ಲಿ ಫ್ಯಾರನ್‌ಹೀಟ್ ಇದ್ದರೆ 325. ಇಪ್ಪತ್ತು ನಿಮಿಷದ ಸುಮಾರಿಗೆ ತಳ ಕೆಂಪಗಾಗುತ್ತದೆ, ಮೇಲೆ ಬೆಳ್ಳಗೇ ಇರುತ್ತದೆ. ತೆಗೆದಾಗ ಮೆತ್ತಗಿದೆ ಎಂದು ಮತ್ತೆ ಒಳಗೆ ಇಡಬೇಡಿ, ತಟ್ಟೆಯಲ್ಲೇ ತಣಿಯಲು ಬಿಡಿ. ಆಗ ಮಾತ್ರ ಬಾಯಲ್ಲಿಟ್ಟರೆ ಕರಗುವ ಪುಡಿಪುಡಿ ಬರುತ್ತದೆ.

ಹೊತ್ತು ಯಾವುದು ಎಂದು ನಿನ್ನ ಮಮ್ಮಿ ಕೇಳಿದಳು. ಶನಿವಾರ ನಿನಗೆ ಬೆಳಿಗ್ಗೆ 8 ಗಂಟೆ ಆದಾಗ ದುಬೈಗೆ ಸಂಜೆ 5, ಬೆಂಗಳೂರಿಗೆ ಆರೂವರೆ. ತೂಗುವುದು, ತೆಂಗಿನ ಹಾಲು ಹದ ಮಾಡುವುದು, ಕಿಡಿಯೊ ಹಿಟ್ಟು ನಾದಿ ಇಡುವುದು, ಇದೆಲ್ಲ ಅವರವರು ಮುಂಚೆಯೇ ಮುಗಿಸಿರಿ. ಕೂಡಿದ ಮೇಲೆ ಮೈದಾ ಜರಡಿ ಹಿಡಿಯುತ್ತ ಅರ್ಧ ಗಂಟೆ ಕಳೆಯಬೇಡಿ. ಮುಗಿದ ಮೇಲೆ "ಬಾಯ್" ಎಂದು ಕೂಡಲೇ ಕಟ್ ಮಾಡಬೇಡಿ. ಪಾತ್ರೆ ತೊಳೆಯುವಾಗಲೂ ಫೋನು ಅಲ್ಲೇ ಇರಲಿ. ಒಟ್ಟಿಗೆ ಮಾಡುವಾಗ ಅತಿ ಒಳ್ಳೆಯ ಮಾತು ಬರುವುದು ಪಾತ್ರೆ ತೊಳೆಯುವಾಗಲೇ ಎನ್ನುವುದು ನನ್ನ ಅನುಭವ. ತಂಗಿ ತನ್ನ ಬದುಕಿನ ಎರಡು ದೊಡ್ಡ ವಿಷಯಗಳನ್ನು ನನಗೆ ಹೇಳಿದ್ದು ಹಾಗೆಯೇ, ಕೈಯಲ್ಲಿ ನೊರೆ ಇದ್ದಾಗ.

ಡಬ್ಬಕ್ಕೆ ತುಂಬುವ ಮೊದಲು ಹೂವು ಪೂರಾ ತಣಿದಿರಲಿ. ಒಂದು ಬೆಚ್ಚಗಿನ ಹೂವು ಇಡೀ ಡಬ್ಬವನ್ನು ಮೆತ್ತಗೆ ಮಾಡುತ್ತದೆ. ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದಾದರೆ ಕಿಡಿಯೊ ಕಳಿಸಿ, ಅದು ಎಷ್ಟು ಎಸೆದರೂ ಒಡೆಯುವುದಿಲ್ಲ. ಕೊಕ್ಕಿಸಾಂ ಅಂಚೆಯಲ್ಲಿ ಹೋದರೆ ಪುಡಿಯಾಗಿಯೇ ತಲುಪುತ್ತದೆ. ಅದು ಮಾಡಿದ ಮನೆಯ ಪಕ್ಕದ ಬಾಗಿಲಿಗೆ ಹೋಗಲಿಕ್ಕೆಂದೇ ಇರುವ ತಿಂಡಿ. ನಿನ್ನ ಎದುರು ಫ್ಲ್ಯಾಟಿನವರಿಗೆ ಒಂದು ತಟ್ಟೆ ಕೊಡು. ಗೋಧಿ, ಮೊಟ್ಟೆ, ಎಳ್ಳು, ತೆಂಗು ಇದೆ ಎಂದು ಒಂದು ಚೀಟಿ ಬರೆದು ಇಡು, ಕೆಲವರಿಗೆ ಆಗುವುದಿಲ್ಲ.

ಅವರು ಸ್ವೀಡನ್ನೋ ನಾರ್ವೆಯೋ ಮೂಲದವರಾಗಿದ್ದರೆ ತಟ್ಟೆ ನೋಡಿದ ಕೂಡಲೇ ಗುರುತಿಸುತ್ತಾರೆ. ಅವರಲ್ಲೂ ಕ್ರಿಸ್ಮಸ್ಸಿಗೆ ಇದೇ ಹೂವು, ಇದೇ ರೀತಿಯ ಹಿಡಿಯಿರುವ ಅಚ್ಚು. ನೀನಿರುವ ಕಡೆಯ ಅಂಗಡಿಗಳಲ್ಲಿ ಅದಕ್ಕೆ ರೊಸೆಟ್ ಐರನ್ ಎನ್ನುತ್ತಾರೆ, ನಿನ್ನ ಗೆಳತಿಯರಿಗೆ ಬೇಕಾದರೆ ಆ ಹೆಸರಿನಲ್ಲಿ ಹುಡುಕಲಿ. ಕೇರಳದಲ್ಲಿ ಇದು ಅಚ್ಚಪ್ಪಂ, ತಮಿಳರಲ್ಲಿ ಅಚ್ಚು ಮುರುಕ್ಕು. ಶ್ರೀಲಂಕಾದಲ್ಲಿ ಏಪ್ರಿಲಿನ ಹೊಸವರ್ಷಕ್ಕೆ ಮಾಡುವ ಕೊಕಿಸ್ ಕೂಡ ಇದೇ, ಆ ಹೆಸರು ಡಚ್ಚರ ಕೂಕಿಯೆ ಎಂಬ ಮಾತಿನಿಂದ ಬಂತೆನ್ನುತ್ತಾರೆ. ಇಂಗ್ಲಿಷಿನ ಕುಕ್ಕಿಯೂ ಅದೇ ಮಾತಿನದು. ನಮ್ಮ ಕೊಕ್ಕಿಸಾಂ ಹೆಸರು ಹೇಳುವಾಗಲೂ ನನ್ನ ಕಿವಿಗೆ ಅದೇ ನಂಟು ಕೇಳುತ್ತದೆ.

ಅಚ್ಚನ್ನು ಗುರುವಾರ ಸಂಜೆ ನಿನ್ನ ಮಮ್ಮಿಯ ಕೈಗೆ ಕೊಡುತ್ತೇನೆ. ನನ್ನ ಡಬ್ಬದಲ್ಲಿ ಎರಡಿವೆ. ತಂಗಿ ತೀರಿಕೊಂಡ ಮೇಲೆ ಅವಳ ಮಗ ಮುಂಬೈಯಿಂದ ಬರುವಾಗ ಅವಳದ್ದನ್ನೂ ತಂದು ನನಗೆ ಕೊಟ್ಟ. ನಿನಗೆ ಕೊಡುತ್ತಿರುವುದು ಅದು. ಚೆನ್ನಾಗಿ ಪಳಗಿದೆ, ಹಿಡಿಯ ಹತ್ತಿರ ಸ್ವಲ್ಪ ಕಪ್ಪಾಗಿದೆ, ಅದನ್ನು ಉಜ್ಜಬೇಡ. ಸೋಪು ತಾಗಿಸಬೇಡ, ಡಿಶ್‌ವಾಷರಿಗೆ ಹಾಕಲೇಬೇಡ. ಕೆಲಸ ಮುಗಿದ ಮೇಲೆ ಬಿಸಿ ಇರುವಾಗಲೇ ಹತ್ತಿ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡು. ನಿನ್ನಲ್ಲಿಗೆ ತರುವವರು ಅದನ್ನು ಕೈಚೀಲದಲ್ಲಿ ಇಡದೆ ಚೆಕ್‌ಇನ್ ಪೆಟ್ಟಿಗೆಯಲ್ಲಿ ಹಾಕಲಿ. ಮೊದಲ ದಿನ ಅದ್ದುವ ಮುಂಚೆ ಕಾಲು ಗಂಟೆ ಎಣ್ಣೆಯಲ್ಲೇ ಕಾಯಲು ಬಿಡು, ಒಂದು ವರ್ಷದಿಂದ ಅದು ಕೆಲಸ ಮಾಡಿಲ್ಲ.

ಶನಿವಾರ ಆರೂವರೆಗೆ ನಾನು ಮನೆಯಲ್ಲೇ ಇರುತ್ತೇನೆ. ನಿಮ್ಮ ಮೂವರ ನಡುವೆ ಬರುವುದಿಲ್ಲ. ಆದರೆ ನಾಲ್ಕನೆಯದೂ ಅಂಟಿಕೊಂಡರೆ ನನಗೆ ಕರೆ ಮಾಡು, ಮೊದಲು ಅಚ್ಚು ಎಲ್ಲಿದೆ ಎಂದು ಹೇಳು.